ಚುಕ್ಕವ್ವನ ಮಿನುಗು ನಮ್ಮ ಕಣ್ಣಿಗೇಕೆ ಕಾಣುವುದಿಲ್ಲ

ನೆಲ ಇನ್ನೂ ಪೂರ್ತಿ ತಣಿದಿರಲಿಲ್ಲ, ಹುಲ್ಲು ಆಗತಾನೇ ಚಿಗುರುತ್ತಿತ್ತು. ಆ ಕಾಲದಲ್ಲಿ ಆಕಾಶದ ಒಂದು ಮೂಲೆಯಲ್ಲಿ ಎರಡು ನಕ್ಷತ್ರಗಳಿದ್ದವು. ಅಕ್ಕ ಚುಕ್ಕವ್ವ, ತಂಗಿ ಬೆಳ್ಳವ್ವ. ಒಬ್ಬರ ಸುತ್ತ ಒಬ್ಬರು ತಿರುಗುತ್ತ ಬದುಕಿದ್ದರು.

ಚುಕ್ಕವ್ವ ದೊಡ್ಡ ಮೈಯವಳು. ಬೆಳಕನ್ನು ಎಂದೂ ಹಿಡಿದಿಟ್ಟುಕೊಂಡವಳಲ್ಲ. ಹಾಗಾಗಿ ಅವಳ ಉರುವಲು ಬೇಗ ತೀರಿತು. ಒಂದು ದಿನ ಅವಳು ಸಿಡಿದಳು. ಉಳಿದದ್ದು ಒಂದು ಊರಿನಷ್ಟು ಅಗಲದ ಉಂಡೆ. ಗಿರಗಿರ ತಿರುಗುವ ಹುಡುಗಿ ಕೈ ಮಡಚಿಕೊಂಡರೆ ಇನ್ನೂ ಜೋರಾಗಿ ತಿರುಗುತ್ತಾಳಲ್ಲ, ಹಾಗೆ ಚುಕ್ಕವ್ವನೂ ತಿರುಗತೊಡಗಿದಳು. ಒಂದು ಸುತ್ತಿಗೆ ಒಂದು ಮಿನುಗು.

ಕಾಲ ಕಳೆಯಿತು. ಸುತ್ತು ನಿಧಾನವಾಯಿತು, ಮಿನುಗೂ ನಿಧಾನವಾಯಿತು. ಬೆಳ್ಳವ್ವನಿಗೆ ಹೆದರಿಕೆಯಾಯಿತು. ಏನಾಗಿದೆ ಎಂದು ಕೇಳಿದಾಗ, ಒಲೆ ಆರಿದೆ, ಇನ್ನು ನಿಲ್ಲುವುದೊಂದೇ ಬಾಕಿ ಎಂದು ಅಕ್ಕ ಹೇಳಿದಳು. ಹಾಗಾದರೆ ನನ್ನ ಮೈಮೇಲಿನ ಬೆಂಕಿಯನ್ನೇ ಕೊಡುತ್ತೇನೆ ಎಂದಳು ಬೆಳ್ಳವ್ವ.

“ಕೊಡ್ತಾ ಕೊಡ್ತಾ ನೀನ ಸವದ ಹೋಗ್ತಿ,” ಎಂದಳು ಅಕ್ಕ.

“ಸವದ್ರ ಸವೀಲಿ. ನೀ ನಿಂತ್ರ ನಾ ಯಾರ ಸುತ್ತ ತಿರಗಲಿ ಅಕ್ಕಾ?”



ಬೆಳ್ಳವ್ವನ ಬೆಂಕಿ ಎಳೆಯೆಳೆಯಾಗಿ ಹರಿದು, ನೀರಿನ ಸುಳಿಯಂತೆ ಸುತ್ತಿ ಅಕ್ಕನ ಮೇಲೆ ಬಿತ್ತು. ಅದು ನೂಕಿದ ರಭಸಕ್ಕೆ ಚುಕ್ಕವ್ವ ಮತ್ತೆ ಚುರುಕಾದಳು. ಬಿದ್ದ ಬೆಂಕಿ ಎಷ್ಟು ಕಾದಿತ್ತೆಂದರೆ, ಅದರಿಂದ ಹೊಮ್ಮಿದ ಬೆಳಕು ಎಕ್ಸ್-ರೇ ಆಯಿತು. ಆಸ್ಪತ್ರೆಯಲ್ಲಿ ಮುರಿದ ಮೂಳೆ ನೋಡಲು ಮೈಯೊಳಗೆ ಹಾಯಿಸುತ್ತಾರಲ್ಲ, ಅದೇ ಜಾತಿಯ ಬೆಳಕು.

ಆ ಬೆಳಕು ಭೂಮಿಯ ಹತ್ತಿರ ಬಂದಾಗ ಗಾಳಿ ಅಡ್ಡ ನಿಂತಿತು. ಕೆಳಗೆ ಎಳೆ ಹುಲ್ಲಿದೆ, ಮೀನಿನ ಮರಿಗಳಿವೆ, ಇದು ತಾಗಿದರೆ ಉಳಿಯುವುದಿಲ್ಲ ಎಂದಿತು. ನನ್ನ ಅಕ್ಕ ಬದುಕಿದ್ದಾಳೆಂದು ಯಾರಿಗಾದರೂ ತಿಳಿಯಬೇಡವೇ ಎಂದು ಬೆಳ್ಳವ್ವ ಅಂಗಲಾಚಿದಳು.

ಗಾಳಿ ಹೇಳಿತು:

“ಒಳಗ ಬಿಡಾಂಗಿಲ್ಲ, ತಂಗಿ. ಆದ್ರ ನನ್ನ ದಾಟಿ ಮ್ಯಾಲ ಬಂದವರು ನೋಡ್ಲಿ. ಅವರನ್ನ ನಾ ತಡಿಯೂದಿಲ್ಲ.”

ಗಾಳಿ ಮಾತಿಗೆ ತಪ್ಪಲಿಲ್ಲ. ಎಷ್ಟೋ ಕಾಲದ ಮೇಲೆ ಮನುಷ್ಯರು ಗಾಳಿಯಾಚೆಗೆ ಉಪಗ್ರಹ ಕಳಿಸಿ ಆ ಮಿನುಗನ್ನು ಎಣಿಸಿದರು. ಒಂಟಿಯಾಗಿ ತಿರುಗುವ ಇಂಥ ನಕ್ಷತ್ರಗಳೆಲ್ಲ ನಿಧಾನವಾಗುತ್ತಿದ್ದರೆ, ಇದೊಂದು ಚುರುಕಾಗುತ್ತಿತ್ತು. ಪಕ್ಕದಲ್ಲಿ ತೆಳ್ಳಗಾದ ತಂಗಿ ಇನ್ನೂ ತಿರುಗುತ್ತಿದ್ದಳು.

ಅದಕ್ಕೇ ಮಗೂ, ನೀನು ಅಂಗಳದಲ್ಲಿ ನಿಂತು ಎಷ್ಟು ಕಣ್ಣರಳಿಸಿ ನೋಡಿದರೂ ಆ ಮೂಲೆಯಲ್ಲಿ ಬರೀ ಕತ್ತಲೆ ಕಾಣುತ್ತದೆ, ನಿನ್ನ ಕಾಲಬುಡದಲ್ಲಿ ಹುಲ್ಲು ಹಸಿರಾಗಿರುತ್ತದೆ.