'ಆಯಿತು' ಎಂದ ಲೈಬ್ರರಿ

ಹುಬ್ಬಳ್ಳಿಯಲ್ಲಿ ಹಾದಿಮನಿ ಸರ್ ಎಂಬ ಗುರುಗಳು ಕಂಪ್ಯೂಟರ್ ವಿದ್ಯೆ ಕಲಿಸುತ್ತಿದ್ದರು. ಅವರ ಶಿಷ್ಯೆ ದಾಕ್ಷಾಯಿಣಿ ಬಲು ಚುರುಕು. ಹೊಗಳಿಕೆ ಎಂದರೆ ಮಾತ್ರ ಸ್ವಲ್ಪ ಜಾಸ್ತಿಯೇ ಇಷ್ಟ.

ದೊಡ್ಡ ಕಂಪ್ಯೂಟರುಗಳಲ್ಲಿ ಒಂದೊಂದು ಕೆಲಸವನ್ನೂ ಒಂದೊಂದು ಕಂಟೇನರಿನಲ್ಲಿ, ಅಂದರೆ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಬಿದ್ದ, ಅಂದರೆ ಕೆಲಸ ನಿಲ್ಲಿಸಿದ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಲು ಒಬ್ಬ ಮೇಸ್ತ್ರಿ ಇರುತ್ತಾನೆ. ಅವನೂ ಒಂದು ಪ್ರೋಗ್ರಾಮೇ. ನಮ್ಮ ಮಾತನ್ನು ಅವನಿಗೆ ಮುಟ್ಟಿಸಿ ಉತ್ತರ ತರಲು ಒಂದು ಲೈಬ್ರರಿ, ಅಂದರೆ ಬರೆದಿಟ್ಟ ಕೋಡಿನ ಕಟ್ಟು ಬೇಕು. ಇದ್ದ ಲೈಬ್ರರಿಯೋ ಆನೆ ಗಾತ್ರದ್ದು. ಹಳೇ ಕಂಪ್ಯೂಟರುಗಳು ಅದನ್ನು ಹೊರಲಾರದೆ ಏದುಸಿರು ಬಿಡುತ್ತಿದ್ದವು.

"ಹಗೂರಾದ್ದೊಂದು ಬರಿಯವ್ವಾ," ಎಂದರು ಗುರುಗಳು.

ದಾಕ್ಷಾಯಿಣಿ ಬರೆದಳು, ಕತ್ತರಿಸಿದಳು, ಮತ್ತೆ ಕತ್ತರಿಸಿದಳು. ಕೊನೆಗೆ ಹನ್ನೊಂದು ಸಾಲು ಅವಳ ಕಣ್ಣಿಗೆ ಚುಚ್ಚಿದವು. ಮೇಸ್ತ್ರಿ 'ಹೂಂ' ಎಂದ ಮೇಲೂ ಪೆಟ್ಟಿಗೆ ನಿಜವಾಗಿ ಎದ್ದು ನಿಂತಿತೇ ಎಂದು ಕಾದು ನೋಡುವ ಸಾಲುಗಳು ಅವು. ಮೇಸ್ತ್ರಿ ಒಪ್ಪಿದ ಮೇಲೆ ಮುಗೀತಲ್ಲ ಎಂದುಕೊಂಡು ಅವನ್ನೂ ತೆಗೆದಳು. ಈಗ ಅವನು ಹೂಂ ಎಂದ ಕೂಡಲೇ ಲೈಬ್ರರಿ 'ಆಯಿತು' ಎನ್ನುತ್ತಿತ್ತು. ನೋಡಿದವರೆಲ್ಲ ಭೇಷ್ ಎಂದರು.

ಒಂದು ಮಧ್ಯಾಹ್ನ, ಆ ಲೈಬ್ರರಿಯನ್ನು ಬಳಸುತ್ತಿದ್ದ ಒಂದು ರಕ್ತನಿಧಿಯಿಂದ ಸಿಸ್ಟರ್ ಮಾಬೂಬಿ ಫೋನ್ ಮಾಡಿದರು. ಬೆಳಿಗ್ಗೆ ರಕ್ತದಾನಿಗಳ ಪಟ್ಟಿಯಿದ್ದ ಪೆಟ್ಟಿಗೆ ಬಿದ್ದಿತ್ತಂತೆ. ಅದನ್ನು ಎಬ್ಬಿಸುವ ಗುಂಡಿ ಒತ್ತಿದರು, 'ಆಯಿತು' ಎಂದು ಬಂತು. ಅಪರೂಪದ ಗುಂಪಿನ ರಕ್ತ ಬೇಕಿದ್ದ ಪುಟ್ಟ ಹುಡುಗಿಯ ತಂದೆಗೆ, "ಕುಂಡ್ರಿ, ಈಗ ಪಟ್ಟಿ ಬರತೈತಿ," ಎಂದರು. ನಲವತ್ತು ನಿಮಿಷ ಕಳೆದರೂ ಪಟ್ಟಿ ಬರಲಿಲ್ಲ. ಪೆಟ್ಟಿಗೆ ಎದ್ದೇ ಇರಲಿಲ್ಲ.

"ಮಗು?" ಎಂದಳು ದಾಕ್ಷಾಯಿಣಿ.

"ಉಳಿದಾಳ. ನಮ್ಮ ಡ್ರೈವರನ ತಂಗೀದೂ ಅದೇ ಗುಂಪಂತ, ಓಡಿ ಬಂದು ಕೊಟ್ಟಳು." ಸಿಸ್ಟರ್ ದನಿಯಲ್ಲಿ ಸಿಟ್ಟಿರಲಿಲ್ಲ. "ಆಗಿಲ್ಲ ಅಂತ ಒಂದು ಮಾತು ಹೇಳಿದ್ರ ಸಾಕಿತ್ತು ತಂಗಿ. ಆಗಲೇ ಬ್ಯಾರೆ ಕಡೆ ಓಡತಿದ್ವಿ."

ಫೋನ್ ಇಟ್ಟು ಅವಳು ಅತ್ತಳು. ಗುರುಗಳು ಬೈಯಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು.

"ತಪ್ಪು ನಂದೂ ಐತಿ. ಹಗೂರ ಮಾಡು ಅಂದೆ. ಏನು ತೆಗೀಬಾರದು ಅಂತ ಹೇಳಲಿಲ್ಲ."

ತೆಗೆದ ಸಾಲುಗಳನ್ನು ಅವಳು ಆಗಲೇ ಮರಳಿ ಸೇರಿಸಿ, ಹೊಸ ಲೈಬ್ರರಿಯನ್ನು ರಕ್ತನಿಧಿಗೆ ಕಳಿಸಿದಳು. ಸಿಸ್ಟರ್‌ಗೆ ಫೋನ್ ಹಚ್ಚಿ ಗುಂಡಿ ಒತ್ತಲು ಹೇಳಿದಳು. 'ಮೇಸ್ತ್ರಿಗೆ ಹೇಳಿದ್ದೇನೆ. ಪೆಟ್ಟಿಗೆ ಇನ್ನೂ ಎದ್ದಿಲ್ಲ, ಕಾಯುತ್ತಿದ್ದೇನೆ' ಎಂದು ಬಂತು. ಪೆಟ್ಟಿಗೆ ಎದ್ದು ನಿಲ್ಲುವವರೆಗೂ ದಾಕ್ಷಾಯಿಣಿ ಫೋನ್ ಇಡಲಿಲ್ಲ.

ನೀತಿ: ಆಗದ್ದನ್ನು ಆಯಿತು ಎನ್ನಬೇಡಿ. ನಿಮ್ಮ ಮಾತು ನಂಬಿ ಯಾರೋ ಒಬ್ಬರು ಕಾಯುತ್ತ ಕೂತಿರುತ್ತಾರೆ.