ಜವರಯ್ಯ ಸಾಕಿದ ಮಾವು

ಹೊಳೆದಂಡೆಯ ಆಶ್ರಮಕ್ಕೆ ಶಿಷ್ಯ ಜವರಯ್ಯ ಒಂದು ಮಣ್ಣಿನ ಕುಂಡ ಹೊತ್ತು ತಂದ. ಅದರಲ್ಲಿ ಒಂದು ಮಾವಿನ ಗಿಡವಿತ್ತು.

ಗುರು ಬಿಳಿಗಿರಯ್ಯ ಗಿಡ ನೋಡಿದರು. ಮೊಳಕಾಲೆತ್ತರ. ಬೆಳಕಿಗಾಗಿ ಕತ್ತು ಚಾಚಿ ಚಾಚಿ ಒಂದೇ ಕಡೆಗೆ ಬಾಗಿತ್ತು.

"ಇದಕ್ಕೂ ಉಪವಾಸದ ವ್ರತ ಹಿಡಿಸಿದ್ದೀಯೇನೋ?"

"ಇಲ್ಲ ಬುದ್ಧಿ. ದಿನಾ ನೀರು ಹಾಕ್ತೀನಿ. ಕಿಟಕಿ ಪಕ್ಕದಲ್ಲೇ ಇಟ್ಟಿದ್ದೀನಿ. ಆದರೂ ಏಳ್ತಾ ಇಲ್ಲ. ಇದೂ ಸತ್ತರೆ ನನಗೆ ಇನ್ನೇನೂ ಉಳಿಯಲ್ಲ. ಉಳಿಸೋ ದಾರಿ ಹೇಳಿ."

"ಮನೆಯೊಳಗೆ ಯಾಕಿಟ್ಟೆ? ಮಾವು ಬಿಸಿಲಿನ ಮರ."

"ಹೊರಗೆ ನೆಟ್ಟರೆ ಧಣಿ ಕೀಳಿಸ್ತಾನೆ. ನನ್ನ ತೋಪಿನ ಬೀಜ ಅಂತಾನೆ."

"ಇದು ಅವನ ತೋಪಿನದೇನು?"

"ಮರೆತ್ರಾ ಬುದ್ಧಿ? ನನ್ನ ಮಗಳು ಪುಟ್ಟಸಿದ್ದಿ ಕೈಯಲ್ಲಿದ್ದ ಮಾವಿನ ವಾಟೆ."

ಗುರುಗಳಿಗೆ ನೆನಪಾಯಿತು. ಮೂರು ವರ್ಷದ ಹಿಂದೆ ಒಂಬತ್ತರ ಹುಡುಗಿ ತೋಪಿನಲ್ಲಿ ಉದುರಿದ್ದ ಹಣ್ಣೊಂದನ್ನು ಎತ್ತಿಕೊಂಡು ಚೀಪುತ್ತಿದ್ದಳು. ಧಣಿಯ ಕಾವಲುಗಾರ ದೊಣ್ಣೆ ಬೀಸಿದ. ಹುಡುಗಿ ಏಳಲಿಲ್ಲ. ಮರದಿಂದ ಬಿದ್ದು ಸತ್ತಳು ಎಂದ ಧಣಿ. ನಾವ್ಯಾರೂ ನೋಡಲಿಲ್ಲ ಎಂದಿತು ಊರು.

"ಅವಳನ್ನ ಮಣ್ಣು ಮಾಡಿ, ವಾಟೆ ಹಿಡ್ಕೊಂಡು ನಿಮ್ಮ ಹತ್ತಿರಾನೇ ಬಂದೆ. ಏನು ಮಾಡಲಿ ಅಂತ ಕೇಳಿದೆ. ನೀವು ಒಂದೇ ಮಾತು ಹೇಳಿದ್ರಿ."

"ಏನು ಹೇಳಿದೆ?"

"ಸಾಕು, ಅಂದ್ರಿ. ಸಾಕಿದೆ."

ಗುರುಗಳು ತಟ್ಟನೆ ತಲೆಯೆತ್ತಿದರು.

ಜವರಯ್ಯ ಹೇಳುತ್ತಲೇ ಇದ್ದ. "ವಾಟೆ ಒಡೆದೆ, ಒಳಗಿನ ಬೀಜಕ್ಕೆ ಏಟಾಗದ ಹಾಗೆ. ಅವಳ ಲಂಗದ ತುಂಡು ಒದ್ದೆ ಮಾಡಿ ಸುತ್ತಿಟ್ಟೆ. ಹದಿನೈದನೇ ದಿನಕ್ಕೆ ಮೊಳಕೆ ಬಂತು. ಮೊದಲ ಎಲೆ ಕೆಂಪಗಿತ್ತು ಬುದ್ಧಿ, ಎಳೆಮಗುವಿನ ಕಿವಿ ಹಾಗೆ."

"ಜವರಾ, ನಿಲ್ಲಿಸು."

ಜವರಯ್ಯ ನಿಲ್ಲಿಸಿದ.

"ನಾನು ಗಿಡ ಸಾಕು ಅನ್ನಲಿಲ್ಲ. ತಲೆ ತಗ್ಗಿಸಿದ್ದು ಸಾಕು ಅಂದೆ. ಏಟು ತಿಂದಿದ್ದು ಸಾಕು ಅಂದೆ."

ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು.

"ಮೂರು ವರ್ಷ ಬುದ್ಧಿ! ಆ ಕಾವಲುಗಾರ ಎದುರಾದರೆ ದಾರಿ ಬಿಟ್ಟು ನಿಂತೆ. ಗಿಡ ಸಾಕಬೇಕು, ಗಲಾಟೆ ಬೇಡ ಅಂತ ನಿಂತೆ. ಬಿಡಿಸಿ ಹೇಳೋಕೆ ನಿಮಗೇನಾಗಿತ್ತು?"

ಗುರುಗಳು ಮೂಲೆಯ ಮೂಟೆಗಳ ಕಡೆ ಕೈ ತೋರಿಸಿದರು.

"ಆ ಅಕ್ಕಿ ಯಾರದು?"

"ಧಣಿ ಕಳಿಸಿದ್ದು."

"ನನ್ನ ಬಾಯಲ್ಲಿ ಅದೇ ಅನ್ನ ಇತ್ತು. ಒಂದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ."

ಜವರಯ್ಯ ಸಮಾಧಾನ ಹೇಳಲಿಲ್ಲ. ಕಾಲಿಗೆ ಬೀಳಲೂ ಇಲ್ಲ.

ಗುರುಗಳು ಎದ್ದರು. ಕುಂಡವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡರು. ಗೋಡೆಗೆ ಒರಗಿಸಿದ್ದ ಹಾರೆಯನ್ನು ಶಿಷ್ಯನ ಕೈಗೆ ಕೊಟ್ಟರು.

"ಎಲ್ಲಿಗೆ?"

"ತೋಪಿನ ಬಾಗಿಲಿಗೆ. ಅಲ್ಲೇ ನೆಡೋಣ. ಹುಡುಗಿ ಮರದಿಂದ ಬೀಳಲಿಲ್ಲ, ಹೊಡೆದು ಕೊಂದರು ಅಂತ ಅಲ್ಲೇ ನಿಂತು ಕೂಗಿ ಹೇಳ್ತೀನಿ."

"ಗಿಡ ಉಳಿಯುತ್ತಾ ಬುದ್ಧಿ?"

"ಇಲ್ಲ."

ಜವರಯ್ಯ ಆ ಕೆಂಪೆಲೆ ಬರುತ್ತಿದ್ದ ತುದಿಯನ್ನು ಬೆರಳಿನಿಂದ ಮುಟ್ಟಿದ.

"ಸಂಜೆಯೊಳಗೆ ಕಿತ್ತು ಹಾಕ್ತಾರೆ."

"ಕೀಳಲಿ ಜವರಾ. ನಿನ್ನ ಮಗಳನ್ನು ಹೊಡೆದದ್ದು ಊರು ನೋಡಲಿಲ್ಲವಂತೆ. ಇದನ್ನು ಕೀಳುವುದನ್ನು ನೋಡಲಿ."