ಮೂರನೆಯ ಸಾಲು

ನದಿಯ ದಡದ ಆ ಆಶ್ರಮದಲ್ಲಿ ಇದ್ದವರು ಮೂವರೇ. ಗುರು ವಿರೂಪಾಕ್ಷರು, ಶಿಷ್ಯ ಶಂಭುಲಿಂಗ, ಅಡುಗೆಯ ಪುಟ್ಟತಾಯಮ್ಮ.

ಗುರುಗಳ ಊಟ ಗುರುಗಳ ಕೋಣೆಗೆ ಹೋಗುತ್ತಿತ್ತು. ಶಿಷ್ಯನದು ಶಿಷ್ಯನ ಕೋಣೆಗೆ. ಪುಟ್ಟತಾಯಮ್ಮ ಒಲೆಯ ಮುಂದೆ ಒಬ್ಬಳೇ ಉಣ್ಣುತ್ತಿದ್ದಳು. ಅದು ಅಲ್ಲಿನ ಪದ್ಧತಿ.

ಗುರುಗಳು ಕನ್ನಡಿಗರ ಬಾಯಿಗೆ ಬಂದ ಇಂಗ್ಲಿಷ್ ಪದಗಳ ನಿಘಂಟು ಕಟ್ಟುತ್ತಿದ್ದರು. ಪದಕ್ಕೊಂದು ಚೀಟಿ. ಚೀಟಿಗೆ ಮೂರು ಸಾಲು: ಪದ, ಅದರ ಹುಟ್ಟು, ಅದನ್ನು ಯಾರು ಯಾರಿಗೆ ಹೇಳಿದ್ದನ್ನು ಕಿವಿಯಾರೆ ಕೇಳಿದೆ ಎಂಬುದು.

ಒಂದು ಬೆಳಿಗ್ಗೆ ಶಂಭುಲಿಂಗ 'ಹ್ಯಾಂಗ್ರಿ' ಎಂಬ ಪದದ ಚೀಟಿ ತಂದ.

"ಹಸಿವಿಗೆ ಹಂಗ್ರಿ, ಸಿಟ್ಟಿಗೆ ಆ್ಯಂಗ್ರಿ. ಎರಡನ್ನೂ ತಮಾಷೆಗೆ ಬೆಸೆದಿದ್ದಾರೆ, ಗುರುಗಳೇ."

"ಮೂರನೆಯ ಸಾಲು?"

"ಪುಸ್ತಕದಲ್ಲಿ ಓದಿದ್ದು. ಕೇಳಿಲ್ಲ."

"ಒಬ್ಬನೇ ಕೂತರೆ ತಮಾಷೆ ಹುಟ್ಟುತ್ತದೆಯೇ?"

ಗುರುಗಳು ಚೀಟಿಯನ್ನು ಅವನ ಕೈಗೆ ಮರಳಿಸಿದರು.

"ಸಂಜೆಯೊಳಗೆ ತುಂಬಿಸು. ಇಲ್ಲವಾದರೆ ನಾಳೆ ಊರಿಗೆ ಹೊರಡು."

ಊರಿನಲ್ಲಿ ಅವನಿಗೆ ಯಾರೂ ಉಳಿದಿರಲಿಲ್ಲ.

ಅವನು ಕೋಣೆಯ ಬಾಗಿಲು ಹಾಕಿಕೊಂಡು ಪುಸ್ತಕಗಳನ್ನು ತಡಕಿದ. ಮಧ್ಯಾಹ್ನವಾಯಿತು. ಊಟ ಬರಲಿಲ್ಲ. ಹೊತ್ತು ಇಳಿಯಿತು. ಆಗಲೂ ಬರಲಿಲ್ಲ. ಮೂರು ವರ್ಷಗಳಲ್ಲಿ ಮೊದಲ ಸಲ ಅವನು ಅಡುಗೆಮನೆಗೆ ಕಾಲಿಟ್ಟ.

"ಏನಮ್ಮ, ನನ್ನನ್ನು ಮರೆತೇಬಿಟ್ಟೆಯಾ?"

"ನನ್ನ ಮೇಲೆ ಯಾಕೆ ಹರಿಹಾಯ್ತೀರಿ? ಕೋಣೆಗೆ ಒಯ್ಯಬೇಡ ಅಂದರು ಗುರುಗಳು. ಇಲ್ಲಿ ಬಡಿಸಬೇಡ ಅನ್ನಲಿಲ್ಲ. ಅಯ್ಯೋ, ಮುಖ ನೋಡಿ, ಸುಟ್ಟ ಬದನೆಕಾಯಿ! ಹಸಿವೋ ಸಿಟ್ಟೋ ನಿಮಗೇ ತಿಳಿಯದು."

ಅವನು ಥಟ್ಟನೆ ನಿಂತ. "ಇದಕ್ಕೆ ಇಂಗ್ಲಿಷಿನಲ್ಲಿ ಹ್ಯಾಂಗ್ರಿ ಅನ್ನುತ್ತಾರೆ."

ಅವಳು ಎರಡು ಎಲೆ ಹಾಕಿದಳು, ಎದುರುಬದುರು. "ಹಾಗಾದರೆ ಹ್ಯಾಂಗ್ರಿ ಸ್ವಾಮಿಗಳೇ, ಮೊದಲು ಹುಳಿಯೋ, ತುಪ್ಪವೋ?"

ಸಂಜೆ ಗುರುಗಳು ಚೀಟಿಯ ಮೂರನೆಯ ಸಾಲು ಓದಿದರು. 'ಪುಟ್ಟತಾಯಮ್ಮ, ನನಗೆ.'

"ನಕ್ಕಳೇ?"

"ಕಣ್ಣಲ್ಲಿ ನೀರು ಬರುವಷ್ಟು."

"ನೀನು?"

"ನಾನೂ ನಕ್ಕೆ, ಗುರುಗಳೇ."

ಗುರುಗಳು ಚೀಟಿಯನ್ನು ಕಟ್ಟಿಗೆ ಸೇರಿಸಿ ದಾರ ಬಿಗಿದರು. ಬಾಗಿಲ ಬಳಿ ಅವರ ಮಧ್ಯಾಹ್ನದ ತಟ್ಟೆ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

"ಅದನ್ನು ಅಡುಗೆಮನೆಗೆ ಒಯ್ಯಿ," ಎಂದರು. "ಒಲೆಯ ಮುಂದೆ ಇನ್ನೊಂದು ಎಲೆಗೆ ಜಾಗವಿದೆಯೇ, ಕೇಳಿ ಬಾ."